ಮಗ್ಗದ ಮನೆಗೆ ಫಾರ್ಮ್ ಬರ್ತೈತಿ, ಪುಸ್ತಕ ಬರಂಗಿಲ್ಲ

ಹೋದ ತಿಂಗಳು ಕೈಮಗ್ಗದ ಕೂಲಿ ಬಗ್ಗೆ ಸುದ್ದಿ ಮಾಡಲು ಇಳಕಲ್‌ನ ಒಂದು ಮನೆಗೆ ಹೋಗಿದ್ದೆ. ನಾನು ನೋಟ್‌ಬುಕ್ ತೆಗೆದದ್ದೇ ತಡ, ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಹಿರಿಯರು ಲಾಳಿ ನಿಲ್ಲಿಸದೆ ಕೇಳಿದರು: "ನೀವು ಎಂ.ಎಸ್ಸಿಯವ್ರೇನ್ರಿ, ಪಿಎಚ್.ಡಿಯವ್ರೇನ್ರಿ?"

ಪೇಪರ್‌ನವನು ಅಂದೆ.

"ಹಂಗಾರ ಅಡ್ಡಿಯಿಲ್ಲ, ಲಗೂ ಬಿಡ್ತೀರಿ. ಅವ್ರು ಬಂದ್ರ ಅರ್ಧಾ ದಿನಾ ಹೋಗತೈತಿ."

ಅವರ ಲೆಕ್ಕದ ಪ್ರಕಾರ ಆ ಮನೆಗೆ ಇದುವರೆಗೆ ನಾಲ್ಕು ಸಲ ಪ್ರಶ್ನಾವಳಿ ಬಂದಿದೆ. ವಯಸ್ಸು, ಜಾತಿ, ಓದು, ಮನೆ ಸ್ವಂತದ್ದೋ ಬಾಡಿಗೆಯದೋ, ತಿಂಗಳ ಆದಾಯ. ನಾಲ್ಕೂ ಸಲ ಉತ್ತರ ಹೇಳಿದ್ದಾರೆ, ಚಹಾ ಕೊಟ್ಟಿದ್ದಾರೆ, ಫೋಟೋಕ್ಕೆ ಸೆರಗು ಹರವಿದ್ದಾರೆ. ಒಂದು ಸಲವೂ ಆ ಪುಸ್ತಕ ಹೇಗಿದೆ ಎಂದು ಕಂಡಿಲ್ಲ.

ಇದು ತಪ್ಪು ಎಂದೇ ನಾನು ಹೇಳುವವನು. ಮಗ್ಗದ ಮೇಲೆ ಕೂತವನಿಗೆ ಅರ್ಧ ದಿನ ಎಂದರೆ ಅರ್ಧ ದಿನದ ಕೂಲಿ. ಆ ಕೂಲಿ ಬಿಟ್ಟು ಅವನು ಕೊಟ್ಟ ಮಾಹಿತಿಯ ಮೇಲೆ ಇನ್ನೊಬ್ಬರು ಪದವಿ ಪಡೆಯುತ್ತಾರೆ. ಪದವಿ ಪಡೆಯಲಿ, ಸಂತೋಷ. ಆದರೆ ಬರೆದದ್ದನ್ನು ಅವನಿಗೆ ಓದಿ ಹೇಳಬೇಕೆಂಬ ನಿಯಮ ಎಲ್ಲಿದೆ? 2018ರ ಯುಜಿಸಿ ನಿಯಮದ ಪ್ರಕಾರ ಪ್ರಬಂಧದಲ್ಲಿ ಶೇ. 10ಕ್ಕಿಂತ ಹೆಚ್ಚು ನಕಲು ಸಿಕ್ಕರೆ ವಿದ್ಯಾರ್ಥಿ ಉತ್ತರ ಕೊಡಬೇಕು. ಪುಸ್ತಕದಿಂದ ಸಾಲು ಎತ್ತಿದರೆ ಸಾಫ್ಟ್‌ವೇರ್ ಹಿಡಿಯುತ್ತದೆ. ಅದೇ ಓಣಿಗೆ, ಅದೇ ಪ್ರಶ್ನೆ ಹಿಡಿದು ಐದನೇ ಸಲ ಹೋದರೆ ಯಾವ ಸಾಫ್ಟ್‌ವೇರೂ ಹಿಡಿಯುವುದಿಲ್ಲ.

ಬರುವ ವಿದ್ಯಾರ್ಥಿಗಳ ಮೇಲೆ ನನಗೆ ಸಿಟ್ಟಿಲ್ಲ. ಬಹಳ ಮಂದಿ ನಮ್ಮ ಕಡೆಯ ಹುಡುಗಿಯರೇ. ಹುನಗುಂದದಲ್ಲಿ ಬಸ್ ಬದಲಿಸಿ, ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಕೈಯಲ್ಲಿರುವುದು ಕೆಲವೇ ತಿಂಗಳು. ಗೈಡ್ ಹೇಳಿದ ವಿಷಯ, ಗೈಡ್ ತಿದ್ದಿದ ಫಾರ್ಮ್. ಒಳ್ಳೆಯ ಕೆಲಸವೂ ಆಗಿದೆ: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜವಳಿ ವಿಭಾಗದವರು ಇಳಕಲ್ ಸೀರೆ, ಕಸೂತಿಯ ಮೇಲೆ ವರ್ಷಗಳಿಂದ ದುಡಿದಿದ್ದಾರೆ. ಕೃಷಿ ವಿವಿಗಳ ಪ್ರಬಂಧಗಳಿಗೆ ಕೃಷಿಕೋಶ, ಪಿಎಚ್.ಡಿಗಳಿಗೆ ಶೋಧಗಂಗಾ ಎಂಬ ಜಾಲತಾಣಗಳಿವೆ. ಫೋನಿನಲ್ಲೇ ತೆರೆದು ನೋಡಬಹುದು. ತೆರೆದರೆ ಬಹುಪಾಲು ಇಂಗ್ಲಿಷ್. ಆ ಹಿರಿಯರಿಗೆ ಅದು ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ.

"ಸಂಶೋಧನೆ ಕನ್ನಡದಲ್ಲಿ ಆಗುವುದಿಲ್ಲ" ಎಂದು ಒಬ್ಬ ಪ್ರಾಧ್ಯಾಪಕರು ನನಗೆ ಹೇಳಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಿಂದ ಮತ್ತೇನು ಮಾಡುತ್ತಿದೆ? ಇಳಕಲ್‌ನಿಂದ ಅದೇ ಹೆದ್ದಾರಿ ಹಿಡಿದರೆ ಹೊಸಪೇಟೆ, ಅಲ್ಲಿಂದ ಹಂಪಿ. ಇಡೀ ಪ್ರಬಂಧ ಬೇಡ, ಹತ್ತು ಪುಟದ ಕನ್ನಡ ಸಾರಾಂಶ ಸಾಕು. ಅದನ್ನು ಬರೆಯಲು ಬಾರದವರಿಗೆ ತಾವೇನು ಕಂಡುಹಿಡಿದೆವು ಎಂಬುದೂ ಸರಿಯಾಗಿ ತಿಳಿದಿಲ್ಲ ಎಂದೇ ನನ್ನ ಅನುಮಾನ.

ಇನ್ನು ಏನನ್ನು ಕೇಳುತ್ತಾರೆ ಎಂಬ ಮಾತು. ಇಳಕಲ್ ಸೀರೆಯ ಗುಟ್ಟು ಇರುವುದು ಒಡಲು ಮತ್ತು ಸೆರಗು ಕೂಡುವಲ್ಲಿ. ಒಡಲಿನ ಹಾಸು ಬೇರೆ, ಟೋಪ್ ತೆನಿ ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಹಾಗಾಗಿ ಬೇರೆ ಕಡೆಯಂತೆ ಉದ್ದನೆಯ ಹಾಸು ಸುತ್ತಿ ಹತ್ತಾರು ಸೀರೆ ನೇಯಲು ಬರುವುದಿಲ್ಲ. ಒಂದು ಸೀರೆ ಮುಗಿದರೆ ಮುಂದಿನದಕ್ಕೆ ಹೊಸ ಹಾಸು, ಮತ್ತೆ ಕೊಂಡಿ. ಈ ಕೆಲಸಕ್ಕೆ ಎಷ್ಟು ತಾಸು ಹಿಡಿಯುತ್ತದೆ? ಆ ತಾಸಿಗೆ ಕೂಲಿ ಇದೆಯೋ ಇಲ್ಲವೋ? ನೂಲು ಸುತ್ತುವುದು, ಕಂಡಿಕೆ ತುಂಬುವುದು, ಹಾಸಿಗೆ ಅಣಿ ಮಾಡುವುದು ಬಹಳ ಮನೆಗಳಲ್ಲಿ ಹೆಂಗಸರ ಪಾಲಿನದು. ನನಗೆ ಸಿಕ್ಕ ಒಂದು ಫಾರ್ಮ್‌ನಲ್ಲಿ ಗಂಡನ ಉದ್ಯೋಗ 'ನೇಕಾರ' ಎಂದಿತ್ತು, ಹೆಂಡತಿಯ ಉದ್ಯೋಗ 'ಗೃಹಿಣಿ'. ಆಕೆ ಬೆಳಿಗ್ಗೆಯಿಂದ ನೂಲಿನ ಮುಂದೆ ಕೂತಿದ್ದಳು. ಆ ಒಂದು ಕಾಲಂ ತಪ್ಪಾದರೆ ಇಡೀ ಪ್ರಬಂಧದ ಆದಾಯದ ಕೋಷ್ಟಕವೇ ತಪ್ಪು. ಇಬ್ಬರು ಮೂವರ ದುಡಿಮೆಯನ್ನು ಒಬ್ಬನ ಕೂಲಿ ಎಂದು ಬರೆದುಕೊಂಡ ಹಾಗೆ.

ಪವರ್‌ಲೂಮ್ ವಿಷಯವೂ ಹಾಗೆಯೇ. 1985ರ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿದೆ. ಇಳಕಲ್ ಸೀರೆಗೆ ಜಿಐ ಮಾನ್ಯತೆ ಇದೆ. ಆದರೂ ಪೇಟೆಯಲ್ಲಿ ಯಂತ್ರದ ಸೀರೆ ಇಳಕಲ್ ಹೆಸರಲ್ಲೇ ಹೋಗುತ್ತದೆ. ಕೊಳ್ಳುವ ಹೆಂಗಸು ಸೆರಗು ಶುರುವಾಗುವ ಜಾಗ ಮಗುಚಿ ನೋಡುತ್ತಾಳೋ ಇಲ್ಲವೋ, ಹಾಸು ಅಲ್ಲಿ ಬದಲಾಗಿದೆಯೋ ಇಲ್ಲವೋ ಎಂದು ಆಕೆಗೆ ಯಾರು ಹೇಳಿಕೊಡಬೇಕು? ಬನಶಂಕರಿ ಜಾತ್ರೆಯಲ್ಲಿ ಒಂದು ವಾರ ನಿಂತರೆ ಒಂದು ಪ್ರಬಂಧವಾಗುವಷ್ಟು ಸಿಗುತ್ತದೆ. ದೇವಾಂಗದವರ ಕುಲದೇವಿಯ ಜಾತ್ರೆ ಅದು, ನೇಕಾರರೂ ಅಲ್ಲೇ, ಸೀರೆ ಉಡುವವರೂ ಅಲ್ಲೇ. ಅದು ಬಿಟ್ಟು 'ನೇಕಾರರ ಸಾಮಾಜಿಕ ಆರ್ಥಿಕ ಸ್ಥಿತಿಗತಿ' ಎಂದು ಮತ್ತೊಂದು. ಸ್ಥಿತಿ ಗೊತ್ತಿದೆ ಸ್ವಾಮಿ, ಗತಿ ಹೇಳ್ರಿ.

ನನ್ನನ್ನೂ ಇದರಿಂದ ಹೊರಗಿಡುವಂತಿಲ್ಲ. ನಾವು ಪತ್ರಕರ್ತರೂ ಆಗಸ್ಟ್ 7ರ ಕೈಮಗ್ಗ ದಿನಕ್ಕೆ ಅದೇ ಮನೆಗೆ ಹೋಗಿ, ಅದೇ ಫೋಟೋ ತೆಗೆದು, 'ಸಂಕಷ್ಟದಲ್ಲಿ ನೇಕಾರ' ಎಂದು ತಲೆಬರಹ ಕೊಡುತ್ತೇವೆ. ಪೇಪರ್ ಕೊಂಡು ಹೋಗಿ ತೋರಿಸುವಷ್ಟೂ ವ್ಯವಧಾನ ಇಲ್ಲ. ಆ ಹಿರಿಯರು ಹೇಳಿದ ಮೇಲೆ ನಾನು ಹಳೇ ಸುದ್ದಿ ಕತ್ತರಿಸಿಕೊಂಡು ಹೋದೆ. ಕೂಲಿಯ ಅಂಕಿ ತಪ್ಪು ಬರೆದಿದ್ದೆ. ಅವರು ನಕ್ಕು, ಮೊಮ್ಮಗನ ಪೆನ್ನಿನಿಂದ ತಿದ್ದಿ ಕೊಟ್ಟರು.

ಅದಕ್ಕೇ ಇಳಕಲ್, ಗುಳೇದಗುಡ್ಡ, ಕಮತಗಿ, ಸೂಳಿಬಾವಿಯ ಮಗ್ಗದ ಮನೆಯವರಿಗೆ ನನ್ನ ಮಾತು ಇಷ್ಟೇ. ಫಾರ್ಮ್ ಹಿಡಿದು ಬಂದ ಹುಡುಗಿಯನ್ನು ಬಾಗಿಲಿನಿಂದ ಕಳಿಸಬೇಡಿ, ಚಹಾ ಕೊಡಿ. ಉತ್ತರ ಹೇಳುವ ಮೊದಲು ನೀವೂ ಕೇಳಿ: ಈ ಪ್ರಶ್ನೆ ಮೊದಲು ಯಾರು ಕೇಳಿದ್ದರು, ಅವರ ಪುಸ್ತಕ ಓದಿದ್ದೀಯಾ ಅವ್ವಾ? ಅದರಲ್ಲಿ ನಮ್ಮ ಬಗ್ಗೆ ಏನಿದೆ? ಕಾಲಂನಲ್ಲಿ ಹೆಂಡತಿಯ ಉದ್ಯೋಗ ನೇಕಾರಿಕೆ ಎಂದೇ ಬರೆಸಿ. ಕನ್ನಡದ ಹತ್ತು ಪುಟ ಸೊಸೈಟಿಗೊಂದು, ಪಂಚಾಯ್ತಿ ಗ್ರಂಥಾಲಯಕ್ಕೊಂದು ಕೊಡುತ್ತೇನೆಂದು ಬರೆಸಿಕೊಳ್ಳಿ. ಗೈಡ್‌ನ ಫೋನ್ ನಂಬರ್ ಇಸಿದುಕೊಳ್ಳಿ. ಪರೀಕ್ಷೆ ಮುಗಿದು ಒಂದು ತಿಂಗಳಾದರೂ ಬರಲಿಲ್ಲ ಎಂದರೆ ಫೋನ್ ಹಚ್ಚಿ.