ಗೊಡ್ಡು ಬಳ್ಳಿಯೆಂದು ಕೀಳುವ ಮುನ್ನ

ಬಾದಾಮಿಗೆ ಸುಮಾರು 5 ಕಿಲೋಮೀಟರು ದೂರದ ಚೊಳಚಗುಡ್ಡವು ಬನಶಂಕರಿಯ ನೆಲೆಯೆಂದು ಪ್ರಸಿದ್ಧವಾದ ಊರು. ಬನಶಂಕರಿಗೆ ಶಾಕಂಭರಿಯೆಂಬ ಹೆಸರೂ ಉಂಟಷ್ಟೆ. ಬರಗಾಲದಲ್ಲಿ ಕಾಯಿಪಲ್ಯಗಳನ್ನು ಕೊಟ್ಟು ಲೋಕವನ್ನು ಸಲಹಿದ ತಾಯಿ ಈಕೆ ಎಂಬುದು ಭಕ್ತರ ನಂಬಿಕೆ. ಪುಷ್ಯಮಾಸದ ಜಾತ್ರೆಯ ಕಾಲಕ್ಕೆ ಬರುವ ಪಲ್ಲೇದ ಹಬ್ಬದಲ್ಲಿ ದೇವಿಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಅದರಲ್ಲಿ ಸೊಪ್ಪು ಗೆಡ್ಡೆಗಳನ್ನು ಬದಿಗಿಟ್ಟು ಕಾಯಿಗಳನ್ನಷ್ಟೆ ನೋಡಿದರೆ, ಒಂದೊಂದು ಕಾಯಿಯೂ ಒಂದು ಕಾಲಕ್ಕೆ ಹೂವಾಗಿದ್ದುದೇ. ಹೂವು ಕಾಯಾಗುವ ಈ ಬಗೆಯನ್ನು ಕೈತೋಟವುಳ್ಳ ಪ್ರತಿಯೊಬ್ಬ ಗೃಹಿಣಿಯೂ ತಿಳಿದಿರುವುದು ಒಳ್ಳೆಯದು. ತಿಳಿಯದೆ ಹೋದರೆ ಆಗುವ ನಷ್ಟ ಸಣ್ಣದಲ್ಲ.

ಕುಂಬಳದ ಬಳ್ಳಿಯನ್ನೇ ತೆಗೆದುಕೊಳ್ಳೋಣ. ಹಿತ್ತಲಲ್ಲಿ ಬೀಜ ಊರಿ, ಗೊಬ್ಬರ ಹಾಕಿ, ನೀರೆರೆದು ಬೆಳೆಸಿರುತ್ತೇವೆ. ಬಳ್ಳಿ ಹಬ್ಬುತ್ತದೆ, ಹಳದಿಯ ಹೂಗಳು ಅರಳುತ್ತವೆ, ಮರುದಿನ ಬಾಡಿ ಉದುರುತ್ತವೆ. ಎರಡು ವಾರ ಹೀಗೆಯೇ ನಡೆದರೆ ಮನೆಯ ಹಿರಿಯರು, “ಇದು ಗೊಡ್ಡು ಬಳ್ಳಿ, ಕಿತ್ತುಹಾಕಿ” ಎನ್ನುತ್ತಾರೆ. ಎಷ್ಟೋ ಒಳ್ಳೆಯ ಬಳ್ಳಿಗಳು ಕಾಯಿ ಬಿಡುವ ಹೊತ್ತಿಗೆ ಸರಿಯಾಗಿ ಹೀಗೆ ತಿಪ್ಪೆಯ ಪಾಲಾಗುತ್ತವೆ.

ನಿಜಸಂಗತಿಯೆಂದರೆ, ಮೊದಲು ಅರಳಿ ಉದುರುವ ಆ ಹೂಗಳೆಲ್ಲ ಗಂಡು ಹೂಗಳು. ಅವು ಕಾಯಾಗಬೇಕಾದವುಗಳೇ ಅಲ್ಲ. ಕುಂಬಳ, ಸೋರೆ, ಹೀರೆ, ಹಾಗಲ, ಪಡವಲಗಳಲ್ಲಿ ಒಂದೇ ಬಳ್ಳಿಯ ಮೇಲೆ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆಯಾಗಿರುತ್ತವೆ. ಸಾಮಾನ್ಯವಾಗಿ ಗಂಡು ಹೂಗಳು ಮೊದಲು ಬರುತ್ತವೆ, ಹೆಚ್ಚು ಸಂಖ್ಯೆಯಲ್ಲಿಯೂ ಬರುತ್ತವೆ. ಬಿಸಿಲು ತೀವ್ರವಾಗಿ ಹಗಲು ದೀರ್ಘವಾದಾಗ ಅವುಗಳ ಸಂಖ್ಯೆ ಇನ್ನಷ್ಟು ಏರುತ್ತದೆ. ಇವೆರಡನ್ನು ಗುರುತಿಸುವುದು ಸುಲಭ. ಕುಂಬಳದ ಗಂಡು ಹೂವು ಉದ್ದವಾದ ತೆಳು ತೊಟ್ಟಿನ ಮೇಲೆ ನಿಂತಿರುತ್ತದೆ. ಹೆಣ್ಣು ಹೂವಿನ ಕೆಳಗೆ, ಅರಳುವ ಮೊದಲೇ, ಗೋಲಿಯಷ್ಟು ಗಾತ್ರದ ಎಳೆಗುಂಬಳವೊಂದು ಕಾಣುತ್ತದೆ. ಅದೇ ಅಂಡಾಶಯ.

ಆ ಗೋಲಿ ಕುಂಬಳಕಾಯಿಯಾಗಬೇಕಾದರೆ ಗಂಡು ಹೂವಿನ ಪರಾಗವು ಹೆಣ್ಣು ಹೂವಿನ ಶಲಾಕಾಗ್ರವನ್ನು ಮುಟ್ಟಬೇಕು. ಕುಂಬಳದ ಪರಾಗ ದಪ್ಪನಾಗಿಯೂ ಅಂಟಾಗಿಯೂ ಇರುವುದರಿಂದ ಗಾಳಿ ಅದನ್ನು ಹೊರಲಾರದು. ಆ ಕೆಲಸ ಜೇನ್ನೊಣದ್ದು. ಕಾಯಿಯೊಳಗಿನ ಒಂದೊಂದು ಬೀಜಕ್ಕೂ ಒಂದೊಂದು ಪರಾಗಕಣ ಬೇಕು. ಸಾಕಷ್ಟು ಪರಾಗ ಬೀಳದಿದ್ದರೆ ಕಾಯಿ ಸೊಟ್ಟಗಾಗುತ್ತದೆ, ಇಲ್ಲವೆ ಹಳದಿಯಾಗಿ ಉದುರಿಹೋಗುತ್ತದೆ. ಮಕ್ಕಳಾಗದಿದ್ದರೆ ಹೆಣ್ಣನ್ನೇ ದೂರುವ ನಮ್ಮ ಹಳೆಯ ಚಾಳಿ ಹಿತ್ತಲಿನವರೆಗೂ ಬಂದಂತಿದೆ. ಇಲ್ಲಿ ಬಳ್ಳಿಯ ತಪ್ಪು ಏನೂ ಇಲ್ಲ. ತಲುಪಬೇಕಾದ ಪರಾಗ ತಲುಪಿಲ್ಲ, ಅಷ್ಟೆ.

ಸಸ್ಯಗಳಲ್ಲಿ ಗಂಡು ಹೆಣ್ಣಿನ ಭೇದವುಂಟೆಂಬುದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟವನು ಜರ್ಮನಿಯ ಟ್ಯೂಬಿಂಗೆನ್ ನಗರದ ಕಮೆರಾರಿಯಸ್. ಗಂಡು ಹೂಗಳನ್ನು ತೆಗೆದುಹಾಕಿದರೆ ಗಿಡದಲ್ಲಿ ಸರಿಯಾದ ಬೀಜ ಕಟ್ಟುವುದಿಲ್ಲವೆಂದು ಅವನು 1694ರಲ್ಲಿ ಪ್ರಕಟಿಸಿದನು.

ಜೇನು ಬಾರದ ಪಟ್ಟಣದ ಹಿತ್ತಲಿನಲ್ಲಿ ನೀವೇ ಜೇನಿನ ಕೆಲಸವನ್ನು ಮಾಡಬಹುದು. ಕುಂಬಳದ ಹೂವು ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಆದುದರಿಂದ ಬೆಳಗಿನ ಎಂಟು ಗಂಟೆಯೊಳಗೆ, ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ನಡುವಣ ಕೇಸರವನ್ನು ಹೆಣ್ಣು ಹೂವಿನ ಶಲಾಕಾಗ್ರದ ಎಲ್ಲ ಭಾಗಗಳಿಗೂ ಮೃದುವಾಗಿ ಸವರಬೇಕು. ಹೀರೆ, ಸೋರೆ, ಪಡವಲಗಳು ಅರಳುವುದು ಸಂಜೆಯ ವೇಳೆಗೆ. ಅವಕ್ಕೆ ದೀಪ ಹಚ್ಚುವ ಹೊತ್ತೇ ಸರಿಯಾದ ಮುಹೂರ್ತ.

ಬದನೆ, ಟೊಮೇಟೊ, ಮೆಣಸಿನಕಾಯಿ ಗಿಡಗಳಲ್ಲಿ ಈ ತೊಡಕಿಲ್ಲ. ಒಂದೇ ಹೂವಿನಲ್ಲಿ ಗಂಡು ಹೆಣ್ಣಿನ ಎರಡು ಅಂಗಗಳೂ ಇರುತ್ತವೆ. ಗಾಳಿಯಾಡದ ಮೂಲೆಯ ಟೊಮೇಟೊ ಗಿಡವನ್ನು ಹೂ ಬಿಟ್ಟ ದಿನಗಳಲ್ಲಿ ಮೆಲ್ಲಗೆ ಅಲುಗಿಸಿದರೆ ಪರಾಗ ತಾನಾಗಿ ಉದುರುತ್ತದೆ.

ಪರಂಗಿಯ ಸಂಸಾರ ಬೇರೆ ತೆರನಾದುದು. ಅನೇಕ ತಳಿಗಳಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹೂ ಬಿಡುವ ತನಕ ನೋಟದಿಂದ ಅವನ್ನು ಗುರುತಿಸಲಾಗದು. ಉದ್ದನೆಯ ಜೋಲುಗೊಂಚಲಿನಲ್ಲಿ ಸಣ್ಣ ಹೂಗಳಿದ್ದರೆ ಗಂಡು. ಕಾಂಡಕ್ಕೆ ಅಂಟಿದಂತೆ ದೊಡ್ಡ ಹೂವಿದ್ದರೆ ಹೆಣ್ಣು. ಆದುದರಿಂದ ಒಂದು ಗುಳಿಗೆ ಎರಡು ಮೂರು ಸಸಿಗಳನ್ನು ನೆಟ್ಟು, ಹೂ ಬಂದ ಮೇಲೆ ಹೆಚ್ಚಿನ ಗಂಡು ಗಿಡಗಳನ್ನು ತೆಗೆಯುವುದು ವಾಡಿಕೆ. ಆದರೆ ಗಂಡೆಲ್ಲ ದಂಡವೆಂದು ಒಂದನ್ನೂ ಉಳಿಸದಿದ್ದರೆ ಫಲಕ್ಕೆ ಕುತ್ತು. ಹತ್ತು ಹೆಣ್ಣು ಗಿಡಗಳಿಗೆ ಒಂದು ಗಂಡು ಸಾಕು. ಎರಡು ಮೂರೇ ಗಿಡಗಳಿಗೆ ಜಾಗವಿರುವವರು ಕೊಡಗಿನ ಚೆಟ್ಟಳ್ಳಿಯಿಂದ ಬಂದ ‘ಕೂರ್ಗ್ ಹನಿ ಡ್ಯೂ’ ತಳಿಯನ್ನು ನೆಡುವುದು ಲೇಸು. ಅದರಲ್ಲಿ ಬರುವುದು ಹೆಣ್ಣು ಗಿಡ ಮತ್ತು ದ್ವಿಲಿಂಗಿ ಗಿಡ ಮಾತ್ರ.

ಕಡೆಯದಾಗಿ ಒಂದು ಮಾತು. ಹೂ ಅರಳಿದ ಹೊತ್ತಿನಲ್ಲಿ ಕೀಟನಾಶಕವನ್ನು ಸಿಂಪಡಿಸಬೇಡಿ. ಹುಳುವಿನ ಜೊತೆಗೆ ಜೇನೂ ಸಾಯುತ್ತದೆ, ಜೇನಿನೊಡನೆ ನಿಮ್ಮ ಕಾಯಿಯೂ ಹೋಗುತ್ತದೆ. ಮುಂದಿನ ಬಾರಿ ಬಳ್ಳಿಯ ಕೆಳಗೆ ಬಾಡಿದ ಹೂಗಳು ಬಿದ್ದಿರುವುದನ್ನು ಕಂಡಾಗ, ಕುಡುಗೋಲಿಗೆ ಕೈ ಹಾಕುವ ಮೊದಲು ಬಗ್ಗಿ ಹೂವಿನ ತೊಟ್ಟನ್ನು ನೋಡಿ. ಗೋಲಿಯಿಲ್ಲದ ಹೂವು ತನ್ನ ಕೆಲಸ ಮುಗಿಸಿ ಉದುರಿದೆ. ಗೋಲಿಯುಳ್ಳ ಹೂವಿಗಾಗಿ ಇನ್ನೊಂದು ವಾರ ಕಾಯಿರಿ.