ಮೇಜು ಚಿಕ್ಕದೋ, ಗುಮಾಸ್ತ ನಿಧಾನವೋ?

ಮಕ್ಕಳೇ, ಮನೆಯ ಹಳೆಯ ಡೆಸ್ಕ್‌ಟಾಪ್ ಆಮೆಯಂತೆ ತೆವಳುತ್ತಿದೆಯೇ? ಹೊಸದಕ್ಕಾಗಿ ಅಜ್ಜನ ಪಿಂಚಣಿಯ ಮೇಲೆ ಕಣ್ಣು ಹಾಕುವ ಮೊದಲು, ಅಜ್ಜನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಯಂತ್ರದ ಲೆಕ್ಕ ನೋಡಿ.

ಬ್ಯಾಂಕಿನವನಾದ ನಾನು ಬ್ಯಾಂಕಿನ ಮಾತಿನಲ್ಲೇ ಹೇಳುತ್ತೇನೆ. ಪ್ರೊಸೆಸರ್ ಎಂದರೆ ಗುಮಾಸ್ತ. ರ‍್ಯಾಮ್ ಅವನ ಮೇಜು. ಹಾರ್ಡ್ ಡಿಸ್ಕ್ ಲೆಡ್ಜರುಗಳ ಕೋಣೆ. ಮೇಜು ಚಿಕ್ಕದಾದರೆ ಗುಮಾಸ್ತ ಎಷ್ಟೇ ಚುರುಕಿದ್ದರೂ ಮತ್ತೆ ಮತ್ತೆ ಕೋಣೆಗೆ ಓಡಬೇಕು.

ವಿಂಡೋಸ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ದಿನದ ಕೆಲಸದಲ್ಲಿ ಮೆಮೊರಿ ಶೇ. 90 ದಾಟುತ್ತಿದ್ದರೆ ರ‍್ಯಾಮ್ ಸಾಲದು. ಮೆಮೊರಿ ಖಾಲಿಯಿದ್ದೂ ಸಿಪಿಯು ಸದಾ 100ರ ಹತ್ತಿರ ಇದ್ದರೆ ಮಾತ್ರ ಪ್ರೊಸೆಸರ್ ಯೋಚನೆ. ಡಿಸ್ಕ್ ಒಂದೇ 100 ತೋರಿಸಿದರೆ ಎಸ್‌ಎಸ್‌ಡಿ ಹಾಕಿಸಿ, ಅದೇ ಔಷಧ.

ರ‍್ಯಾಮ್ ಕೊಳ್ಳುವಾಗ ಜಾತಿ ನೋಡಿ. 2012ರ ಸುಮಾರಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಡಿಡಿಆರ್3, ಅದಕ್ಕೆ 240 ಪಿನ್. ಡಿಡಿಆರ್4ಕ್ಕೆ 288. ನಡುವಿನ ಕಚ್ಚಿನ ಜಾಗವೂ ಬೇರೆ. ಬಲವಂತವಾಗಿ ಒತ್ತಬೇಡಿ. 32 ಬಿಟ್‌ನ ವಿಂಡೋಸ್ 10 ಇದ್ದರೆ 4 ಜಿಬಿಗಿಂತ ಹೆಚ್ಚು ಹಾಕಿದ್ದು ದಂಡ. ಮೊದಲು 64 ಬಿಟ್‌ಗೆ ಬದಲಿಸಿ.

ಪ್ರೊಸೆಸರಿನ ವಿಷಯ ಇನ್ನೂ ಸೂಕ್ಷ್ಮ. ಇಂಟೆಲ್‌ನ ಐ3-3220 ತೆಗೆದು ಐ5-3470 ಕೂರಿಸಬಹುದು. ಎರಡಕ್ಕೂ 1155 ಎಂಬ ಸಾಕೆಟ್. ಎರಡು ಕೋರ್ ಇದ್ದದ್ದು ನಾಲ್ಕಾಗುತ್ತದೆ. ಆದರೆ ಅದರ ಮುಂದಿನ ತಲೆಮಾರಿನ 1150 ಸಾಕೆಟ್ಟಿನದು ಇಲ್ಲಿ ಕೂರುವುದಿಲ್ಲ. 55 ವ್ಯಾಟ್‌ನ ಜಾಗದಲ್ಲಿ 77 ವ್ಯಾಟ್ ಬಂದಾಗ ಫ್ಯಾನ್ ಶಾಖ ತಡೆದೀತೇ ಎಂದೂ ನೋಡಬೇಕು. ಕಂಪನಿಯೇ ಜೋಡಿಸಿ ಮಾರಿದ ಯಂತ್ರದಲ್ಲಿ ಬಯಾಸ್ ಆ ಕಂಪನಿಯದೇ. ಸಾಕೆಟ್ ಹೊಂದಿದರೂ ಬಯಾಸ್ ಗುರುತಿಸದಿದ್ದರೆ ಯಂತ್ರ ಏಳುವುದಿಲ್ಲ. ಆದ್ದರಿಂದ ನಿಮ್ಮ ಮಾಡೆಲ್ಲಿನ ಕೈಪಿಡಿಯಲ್ಲಿ ಹೆಸರಿಸಿದ ಪ್ರೊಸೆಸರನ್ನೇ ಕೊಳ್ಳಿ. ಬಯಾಸ್ ಅಪ್‌ಡೇಟ್ ಮಾಡುವಾಗ ಕರೆಂಟು ಹೋದರೆ ಬೋರ್ಡೇ ಕೆಟ್ಟೀತು. ಯುಪಿಎಸ್ ಇಲ್ಲದೆ ಕೈ ಹಾಕಬೇಡಿ.

ಪೆಟ್ಟಿಗೆ ಬಿಚ್ಚುವ ಮುನ್ನ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಿರಿ. ಒಳಗಿನ ಲೋಹದ ಚೌಕಟ್ಟು ಮುಟ್ಟಿ, ಮೈಯ ಸ್ಥಿರ ವಿದ್ಯುತ್ ಹೋಗಲಿ. ರ‍್ಯಾಮ್ ಕೂರಿಸುವುದನ್ನು ದೊಡ್ಡವರು ಜೊತೆಗಿದ್ದರೆ ಮಕ್ಕಳೂ ಮಾಡಬಹುದು. ಪ್ರೊಸೆಸರನ್ನು ಮಾತ್ರ ತಿಳಿದವರಿಗೆ ಬಿಡಿ. ಆ ಸಾಕೆಟ್ಟಿನ ಕೂದಲೆಳೆಯಂಥ ಪಿನ್ನು ಒಂದು ಬಾಗಿದರೂ ಬೋರ್ಡು ಕೆಡಬಹುದು. ಹೊಸ ಥರ್ಮಲ್ ಪೇಸ್ಟ್ ಹಚ್ಚಿಸಲು ಮರೆಯಬೇಡಿ.

ಅಜ್ಜ-ಅಜ್ಜಿಯರಿಗೆ ಕೊನೆಯ ಮಾತು. ಏನೇ ಬದಲಿಸಿದರೂ ಇಷ್ಟು ಹಳೆಯ ಪ್ರೊಸೆಸರುಗಳಿಗೆ ವಿಂಡೋಸ್ 11ರಲ್ಲಿ ಮಾನ್ಯತೆ ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಭದ್ರತಾ ಅಪ್‌ಡೇಟ್ ಬರದ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತಬೇಡಿ. ಲಿನಕ್ಸ್ ಹಾಕಿಸಿದರೆ ಮೊಮ್ಮಕ್ಕಳ ಓದು-ಬರಹಕ್ಕೆ ಅದೇ ಯಂತ್ರ ಇನ್ನೂ ಕೆಲವು ವರ್ಷ ಬಾಳುತ್ತದೆ. ಮೊದಲು ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿ ಒಂದು ವಾರ ಬಳಸಿ ನೋಡಿ. ಪ್ರೊಸೆಸರಿಗೆಂದು ಎತ್ತಿಟ್ಟ ಹಣ ಬಹುಪಾಲು ಖಾತೆಯಲ್ಲೇ ಉಳಿಯುತ್ತದೆ.