ಪದದ ಕುಲ ಕೇಳಬೇಡಿ, ಕೆಲಸ ಕೇಳಿ

ನೌನ್ ಅಂದ್ರೆ ವ್ಯಕ್ತಿ, ಸ್ಥಳ, ವಸ್ತುವಿನ ಹೆಸರು. ವರ್ಬ್ ಅಂದ್ರೆ ಕೆಲಸ ಹೇಳೋ ಪದ. ಅಡ್ಜೆಕ್ಟಿವ್ ಅಂದ್ರೆ ಗುಣ ಹೇಳೋ ಪದ. ಕೊನೆಗೆ 'ಲಿ' ಇದ್ರೆ ಅಡ್ವರ್ಬ್. ಶಾಲೆಯಲ್ಲಿ ಉರು ಹೊಡೆದ ಈ ನಾಲ್ಕು ಸಾಲು ನಮಗೆಲ್ಲ ಇನ್ನೂ ಬಾಯಿಗೆ ಬರುತ್ತೆ. ನನ್ನ ತಕರಾರು ಇಷ್ಟೇ: ಬೇಕಾದ ಹೊತ್ತಿಗೆ ನಾಲ್ಕೂ ಕೈಕೊಡುತ್ತವೆ.

'ಅರೈವಲ್' ಅಂದ್ರೆ ಬರೋದು. ಬರೋದು ಕೆಲಸ ತಾನೇ? ಆದ್ರೂ ಅದು ನೌನ್. 'ಬಿಲಾಂಗ್' ಅನ್ನೋದ್ರಲ್ಲಿ ಯಾರು ಏನು ಕೆಲಸ ಮಾಡ್ತಿದ್ದಾರೆ? ಆದ್ರೂ ಅದು ವರ್ಬ್. 'ಫ್ರೆಂಡ್ಲಿ'ಗೆ 'ಲಿ' ಇದೆ, ಆದ್ರೆ ಅಡ್ಜೆಕ್ಟಿವ್. ಇನ್ನು 'ಫಾಸ್ಟ್' ನೋಡಿ. 'ಎ ಫಾಸ್ಟ್ ಟ್ರೇನ್' ಅಂದಾಗ ಅಡ್ಜೆಕ್ಟಿವ್, 'ಡೋಂಟ್ ಡ್ರೈವ್ ಫಾಸ್ಟ್' ಅಂದಾಗ ಅಡ್ವರ್ಬ್, 'ಶಿ ಫಾಸ್ಟ್ಸ್ ಆನ್ ಮಂಡೇಸ್' ಅಂದಾಗ ವರ್ಬ್, 'ಹೀ ಬ್ರೋಕ್ ಹಿಸ್ ಫಾಸ್ಟ್' ಅಂದಾಗ ನೌನ್. ರೂಪ ಒಂದೇ, ಪಾತ್ರ ನಾಲ್ಕು.

ಇದಕ್ಕೆ ಕಾರಣವಿದೆ. ಕನ್ನಡದಲ್ಲಿ ಮರಕ್ಕೆ, ಮರದಿಂದ, ಮರವನ್ನು ಅಂತ ಪದದ ಬಾಲವೇ ಗುಟ್ಟು ಬಿಟ್ಟುಕೊಡುತ್ತೆ. ಇಂಗ್ಲಿಷಿಗೂ ಸಾವಿರ ವರ್ಷದ ಹಿಂದೆ ಇಂಥ ಬಾಲಗಳಿದ್ದವು. ಬಹುಪಾಲು ಉದುರಿ ಹೋದವು. ಈಗ ಪದ ಎಲ್ಲಿ ಕೂತಿದೆ, ಪಕ್ಕದಲ್ಲಿ ಯಾರಿದ್ದಾರೆ ಅನ್ನೋದೇ ಗುರುತು. ನಮ್ಮ ಪಠ್ಯಗಳು ಮಾತ್ರ ಗ್ರೀಕ್, ಲ್ಯಾಟಿನ್ ವ್ಯಾಕರಣದಿಂದ ಇಳಿದುಬಂದ ಅಚ್ಚನ್ನೇ ಇನ್ನೂ ಒತ್ತುತ್ತಿವೆ. ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ವಾದಿಸಿದರು. ಇಂಗ್ಲಿಷಿಗೂ ಆ ನ್ಯಾಯ ಸಲ್ಲಬೇಕಲ್ಲವೇ?

ಹಾಗಾದ್ರೆ ಗುರುತಿಸೋದು ಹೇಗೆ? 'ಕಾಲ್' ತಗೊಳ್ಳಿ. ಮುಂದೆ 'ದಿ' ಅಥವಾ 'ಮೈ' ಸೇರಿ 'ಮೈ ಕಾಲ್' ಆಯ್ತಾ, ನೌನ್. 'ವಿಲ್' ಸೇರಿ 'ಐ ವಿಲ್ ಕಾಲ್' ಆಯ್ತಾ, ವರ್ಬ್. 'ದಿ' ಮತ್ತು ನೌನ್ ನಡುವೆ ಕೂತು, ಹಿಂದೆ 'ವೆರಿ'ಯನ್ನೂ ಸೇರಿಸಿಕೊಂಡ್ರೆ ಸಾಮಾನ್ಯವಾಗಿ ಅಡ್ಜೆಕ್ಟಿವ್. ಕೆಲಸ ಹೇಗೆ, ಯಾವಾಗ, ಎಲ್ಲಿ ನಡೀತು ಅಂತ ಹೇಳಿದ್ರೆ ಅಡ್ವರ್ಬ್. ವ್ಯಾಖ್ಯಾನಕ್ಕಿಂತ ಈ ಪರೀಕ್ಷೆ ಹೆಚ್ಚು ಕೆಲಸಕ್ಕೆ ಬರುತ್ತೆ.

ನಾವು ಎಡವೋ ಜಾಗವನ್ನಂತೂ ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಲ್ಲೂ ನನಗೆ ಹೇಳಿಕೊಡಲಿಲ್ಲ. 'ಚೆನ್ನಾಗಿ ಹಾಡಿದಳು', 'ಊಟ ಚೆನ್ನಾಗಿದೆ': ಕನ್ನಡಕ್ಕೆ ಎರಡೂ ಕಡೆ 'ಚೆನ್ನಾಗಿ' ಸಾಕು. ಇಂಗ್ಲಿಷ್ ಬೇರೆ ಮಾಡುತ್ತೆ: 'ಶಿ ಸ್ಯಾಂಗ್ ವೆಲ್', ಆದ್ರೆ 'ದಿ ಫುಡ್ ಟೇಸ್ಟ್ಸ್ ಗುಡ್'. ನಾವು 'ಟೇಸ್ಟ್ಸ್ ವೆಲ್' ಅಂದ್ರೆ ಅದು ದಡ್ಡತನ ಅಲ್ಲ, ನಮ್ಮ ಭಾಷೆಯ ತರ್ಕ. ಇಷ್ಟನ್ನು ಒಬ್ಬರು ಬಿಡಿಸಿ ಹೇಳಿದ್ರೆ ಐದು ನಿಮಿಷದ ಪಾಠ. ಹೇಳದೆ ನಕ್ಕರೆ ಆ ಹುಡುಗಿ ಮುಂದಿನ ಮೀಟಿಂಗಲ್ಲಿ ಬಾಯೇ ಬಿಡಲ್ಲ.

ಬೆಲೆ ತೆರೋದು ಇಲ್ಲೇ. 'ಲಿ' ಸೂತ್ರ ನಂಬಿದವನೊಬ್ಬ ಅಪ್ರೈಸಲ್ ಫಾರ್ಮಲ್ಲಿ 'ಐ ವರ್ಕ್ಡ್ ಹಾರ್ಡ್' ಅನ್ನೋದನ್ನ ತಿದ್ದಿ 'ಐ ಹಾರ್ಡ್ಲಿ ವರ್ಕ್ಡ್' ಅಂತ ಬರೆದ ಅಂತಿಟ್ಟುಕೊಳ್ಳಿ. ಕಷ್ಟಪಟ್ಟು ದುಡಿದೆ ಅನ್ನೋಕೆ ಹೋಗಿ, ದುಡಿದೇ ಇಲ್ಲ ಅಂತ ಸಹಿ ಹಾಕಿದ ಹಾಗಾಯ್ತು! ಸೂತ್ರ ಬರೆದವರಿಗೆ ಏನೂ ಆಗಲ್ಲ, ಹೈಕ್ ಹೋಗೋದು ಇವನದ್ದು.

ಆದ್ದರಿಂದ ನಿಮ್ಮ ಮನೆ ಮಗು ಹೋಮ್‌ವರ್ಕ್ ಹಿಡಿದು "ಈ ಪದ ಯಾವ್ದು?" ಅಂತ ಬಂದ್ರೆ, ಉತ್ತರ ಹೇಳೋಕೆ ಮುಂಚೆ ಒಂದು ಪ್ರಶ್ನೆ ಕೇಳಿ: "ಯಾವ ವಾಕ್ಯದಲ್ಲಿ?" ವಾಕ್ಯವೇ ಇಲ್ಲದೆ ಬರೀ ಪದಗಳ ಪಟ್ಟಿ ಕೊಟ್ಟಿದ್ರೆ, ತಪ್ಪು ಮಗುವಿನದಲ್ಲ, ಪ್ರಶ್ನೆಯದ್ದು.